ಗಪ್ಪಿ: ದೊಡ್ಡವು ರೆಕ್ಕೆ ಮಡಚಿ ನಡುಗುತ್ತಿವೆ, ಹಾಕಿದ ಮರಿಯೂ ಉಳಿಯುತ್ತಿಲ್ಲ

ಗಾಜುಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟು. 24×12×12 ಇಂಚಿನ ಟ್ಯಾಂಕ್, ಒಂದು ಸ್ಪಂಜ್ ಫಿಲ್ಟರ್, ತೆಳ್ಳಗೆ ಜಲ್ಲಿ. ಗಿಡ ಇಲ್ಲ, ಹೀಟರ್ ಇಲ್ಲ. 4 ಗಂಡು, 5 ಹೆಣ್ಣು ಗಪ್ಪಿ ಮೀನು. ನಲ್ಲೀಲಿ ಬರೋದು ಬೋರ್‌ವೆಲ್ ನೀರು, ಬಕೆಟ್‌ಗೆಲ್ಲ ಬಿಳಿ ಕಲೆ ಕಟ್ಟುತ್ತೆ. ಅದಕ್ಕೆ ಕುಡಿಯೋ ಆರ್‌ಓ ಕ್ಯಾನ್ ನೀರನ್ನೇ ಹಾಕ್ತಿದೀನಿ. ವಾರಕ್ಕೊಂದ್ಸಲ ಪೂರ್ತಿ ನೀರು ತೆಗೆದು, ಸ್ಪಂಜನ್ನ ನಲ್ಲಿ ಕೆಳಗೆ ಚೆನ್ನಾಗಿ ತೊಳೆದು, ಒಂದು ಹಿಡಿ ಕಲ್ಲುಪ್ಪು ಹಾಕ್ತೀನಿ.

ಮೀನು ರೆಕ್ಕೆ, ಬಾಲ ಎಲ್ಲಾ ಮುದುರಿಕೊಂಡು ನಿಂತಲ್ಲೇ ಅಲ್ಲಾಡ್ತಾ ಇರ್ತವೆ, ಮುಂದಕ್ಕೆ ಹೋಗಲ್ಲ. ಮೈಮೇಲೆ ಚುಕ್ಕೆ, ಗಾಯ ಏನೂ ಇಲ್ಲ. ಹೆಣ್ಣು ಮರಿ ಹಾಕುತ್ತೆ, ಬೆಳಿಗ್ಗೆ ನೋಡಿದ್ರೆ ಒಂದೂ ಇರಲ್ಲ. ಅಂಗಡಿಯವರು ತೂಗುಹಾಕೋ ಬ್ರೀಡಿಂಗ್ ಬಾಕ್ಸ್ ತಗೊಳ್ಳಿ ಅಂದ್ರು. ತಗೊಳ್ಳಲಾ? ನೀರು ಇಷ್ಟು ಶುದ್ಧ ಇದ್ರೂ ಯಾಕೆ ಹೀಗೆ?

ಸಂಪ್‌ನೀರು:
ಬಾಕ್ಸ್ ಆಮೇಲೆ ನೋಡೋಣ, ಮೊದಲು ನೀರು. ನೀರು ಅತಿ ಶುದ್ಧವಾಗಿರೋದೇ ಇಲ್ಲಿ ಕಾಯಿಲೆ.

ಗಪ್ಪಿಗೆ ಗಡಸು ನೀರು ಬೇಕು. ಪಿಎಚ್ 7ರಿಂದ 8, ಜಿಎಚ್ (ಗಡಸುತನದ ಅಳತೆ) 8ರಿಂದ 15 ಇದ್ದರೆ ಸರಿ. ಕ್ಯಾನ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಸರಿಗೆ ಮಾತ್ರ. ಮೀನು ಮೈಯೊಳಗಿನ ಲವಣ ಉಳಿಸಿಕೊಳ್ಳೋಕೇ ಒದ್ದಾಡಬೇಕು. ನಿಂತಲ್ಲೇ ಹಾವಿನ ಥರ ಹೊಯ್ದಾಡೋದು ಅದರ ಗುರುತು. ಕಲ್ಲುಪ್ಪಿಂದ ಇದು ಸರಿಹೋಗಲ್ಲ, ಅದು ಸೋಡಿಯಂ ಕ್ಲೋರೈಡ್. ಟಿಡಿಎಸ್ (ನೀರಲ್ಲಿ ಕರಗಿರೋ ಒಟ್ಟು ಲವಣ) ಮೀಟರ್ ಅಂಕಿ ಏರಿಸುತ್ತೆ, ಗಡಸುತನ ಒಂದಿಷ್ಟೂ ಏರಿಸಲ್ಲ. ನೀವು ಬೇಡ ಅಂತ ಬಿಟ್ಟಿರೋ ಆ ಬಿಳಿ ಕಲೆಯಲ್ಲೇ ಗಪ್ಪಿಗೆ ಬೇಕಾದ ಕ್ಯಾಲ್ಸಿಯಂ ಇದೆ.

ಎರಡನೇದು, ಪೂರ್ತಿ ನೀರು ತೆಗೆಯೋದು ನಿಲ್ಲಿಸಿ. ಮೀನಿನ ಹೇಲು, ಉಳಿದ ಆಹಾರದಿಂದ ಅಮೋನಿಯಾ ಬರುತ್ತೆ. ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಮನೆ ಮಾಡಿರೋದು ಹೆಚ್ಚಾಗಿ ಸ್ಪಂಜಲ್ಲೇ. ಪ್ರತಿ ವಾರ ಬೆಳ್ಳಗಾಗೋವರೆಗೆ ಹಿಂಡಿ ತೊಳೆದ್ರೆ ಅವು ನೆಲೆಯೂರೋದೇ ಇಲ್ಲ. ಶುರುವಿಂದ ನೆಲೆಯೂರೋಕೆ 3ರಿಂದ 6 ವಾರ ಬೇಕು. ತಿಂಗಳಿಗೊಂದ್ಸಲ, ಟ್ಯಾಂಕಿಂದ ತೆಗೆದ ನೀರನ್ನೇ ಬಕೆಟ್‌ಗೆ ಹಾಕಿ ಅದರಲ್ಲಿ ಎರಡು ಮೂರು ಸಲ ಹಿಂಡಿದ್ರೆ ಸಾಕು. ಕಂದು ಬಣ್ಣ ಉಳೀಲಿ.

ಈಗಲೇ ಬೋರ್ ನೀರು ಸುರೀಬೇಡಿ. ಮೊದಲು ಅಮೋನಿಯಾ ಟೆಸ್ಟ್ ಮಾಡಿ. ಪಿಎಚ್ 7ರ ಆಸುಪಾಸಲ್ಲಿ ಅಮೋನಿಯಾದ ಬಹುಪಾಲು ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತೆ. ಬೋರ್ ನೀರಿಂದ ಪಿಎಚ್ 8ಕ್ಕೆ ಏರಿದ್ರೆ ವಿಷದ ಪಾಲು ಹತ್ತಿರ ಹತ್ತು ಪಟ್ಟಾಗುತ್ತೆ. ಒಳ್ಳೇದು ಮಾಡೋಕೆ ಹೋಗಿ ರಾತ್ರೋರಾತ್ರಿ ಎಲ್ಲಾ ಸಾಯೋದು ಹೀಗೇ. ಅಮೋನಿಯಾ ಕಂಡರೆ ಎರಡು ದಿನ ಕ್ಯಾನ್ ನೀರಲ್ಲೇ 20% ಬದಲಿಸಿ ಇಳಿಸಿಕೊಳ್ಳಿ, ಆಹಾರ ಅರ್ಧ ಮಾಡಿ. ಆಮೇಲೆ ದಿನಕ್ಕೆ 10% ಲೆಕ್ಕದಲ್ಲಿ, ನಿಮ್ಮ ಟ್ಯಾಂಕ್‌ಗೆ 4–5 ಲೀಟರ್ ಆಗುತ್ತೆ, ಬೋರ್ ನೀರು ಸೇರಿಸ್ತಾ ಬನ್ನಿ. ಗಾಜಿನ ಮೇಲೆ ಕಲೆ ಬೇಡ ಅಂದ್ರೆ ಬೆರೆಸಿಕೊಳ್ಳಿ. ಬೋರ್ ಟಿಡಿಎಸ್ 800, ಕ್ಯಾನ್ 40 ಇದ್ರೆ, ಒಂದು ಪಾಲು ಬೋರ್‌ಗೆ ಎರಡು ಪಾಲು ಕ್ಯಾನ್, ಸುಮಾರು 300 ಬರುತ್ತೆ. ಅಷ್ಟು ಸಾಕು. ನಂತರ ವಾರಕ್ಕೆ 25–30% ಬದಲಾವಣೆ, ಅಷ್ಟೇ.

ಉಪ್ಪು ಪೂರ್ತಿ ದಂಡ ಅಂತಲ್ಲ. ನೈಟ್ರೈಟ್ ಇರೋವಷ್ಟು ದಿನ ಲೀಟರ್‌ಗೆ ಅರ್ಧ ಗ್ರಾಂ ಇದ್ರೆ ಅದರಲ್ಲಿರೋ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ಒಳಗೆ ಹೋಗೋದನ್ನ ತಡೆಯುತ್ತೆ. ಆದ್ರೆ ಹಿಡಿ ಲೆಕ್ಕ ಬೇಡ, ತೂಕ ಮಾಡಿ ಹಾಕಿ.

ಮರುವಾಯಿ:
ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುವೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಸಾಫ್ಟನರ್ ಇದ್ದರೆ ಟಿಡಿಎಸ್ ಮೀಟರನ್ನು ನಂಬಬೇಡಿ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಮೀಟರು 800 ಅಂತಲೇ ತೋರಿಸುತ್ತದೆ, ಜಿಎಚ್ ಸೊನ್ನೆಯ ಹತ್ತಿರ ಇರುತ್ತದೆ. ಜಿಎಚ್ ಕಿಟ್ ಇಲ್ಲದಿದ್ದರೆ ಸಾಬೂನು ತಿಕ್ಕಿ ನೋಡಿ. ನೊರೆ ಧಾರಾಳ ಬಂದರೆ ಅದು ಮೆದು ನೀರು. ಸಾಫ್ಟನರ್‌ಗೆ ಹೋಗುವ ಮೊದಲಿನ ನೀರು ಎಲ್ಲಿ ಸಿಗುತ್ತದೆಂದು ಪ್ಲಂಬರನ್ನು ಕೇಳಿ.

ನಮ್ಮ ಕರಾವಳಿಯ ಮುರಕಲ್ಲಿನ ಬಾವಿ ನೀರು ಹುಟ್ಟಾ ಮೆದು, ಸ್ವಲ್ಪ ಹುಳಿ. ಇಲ್ಲಿಯವರಿಗೆ ಬೆರೆಸಲು ಬೋರ್ ನೀರೂ ಇಲ್ಲ. ಮರುವಾಯಿ ಚಿಪ್ಪು (ಕಪ್ಪೆಚಿಪ್ಪು) ಸುಲಭದ ದಾರಿ. ಮಾಂಸದ ಚೂರು ಉಳಿಯದಂತೆ ಕುದಿಸಿ, ಬ್ರಶ್‌ನಲ್ಲಿ ಉಜ್ಜಿ, ಬಿಸಿಲಿಗೆ ಒಣಗಿಸಿ, ಗೋಧಿ ಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಕುಟ್ಟಿ. 50 ಲೀಟರಿಗೆ ಒಂದು ಮುಷ್ಟಿ, ಬಲೆ ಚೀಲದಲ್ಲಿ ಕಟ್ಟಿ ಸ್ಪಂಜ್ ಫಿಲ್ಟರಿನ ಬುಡದಲ್ಲಿ ನೀರು ಹರಿಯುವಲ್ಲಿ ಇಡಿ. ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಪಿಎಚ್ ಏರಿದ ಹಾಗೆ ತಾನೇ ನಿಧಾನವಾಗುತ್ತದೆ. ಹಾಗಾಗಿ ಅತಿಯಾಗುವ ಭಯ ಕಡಿಮೆ. ಚಿಪ್ಪಿನ ಮೇಲೆ ಲೋಳೆ ಕಟ್ಟಿದರೆ ಕರಗುವುದು ನಿಲ್ಲುತ್ತದೆ, ಆಗಾಗ ಉಜ್ಜಿ.

ಮುನಿಸಿಪಾಲಿಟಿ ನೀರಾದರೆ ಕ್ಲೋರಿನ್ ತೆಗೆಯದೆ ಹಾಕಬೇಡಿ. 10 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿಡಿ, 20 ಲೀಟರ್ ಬಕೆಟಿಗೆ 2 ಮಿ.ಲೀ. ಸಾಕು.

ಇನ್ನು ಮರಿಯ ವಿಷಯ ಮಾರಾಯ್ರೆ, ಅಡಗಲು ಒಂದು ಎಲೆಯೂ ಇಲ್ಲದ ಟ್ಯಾಂಕಿನಲ್ಲಿ ಮರಿ ಉಳಿಯುವುದು ಹೇಗೆ? ತಾಯಿಯೇ ತಿನ್ನುತ್ತದೆ. ಮೇಲ್ಗಡೆ ತೇಲುವ ಗಪ್ಪಿ ಗ್ರಾಸ್ ಅಥವಾ ಹಾರ್ನ್‌ವರ್ಟ್, ಕೆಳಗೆ ಜಾವಾ ಮಾಸ್. ಕೈ ಹಾಕಿದರೆ ಬೆರಳು ಸಿಕ್ಕಿಕೊಳ್ಳುವಷ್ಟು ದಟ್ಟ ಇರಬೇಕು. ಕೆರೆಯಿಂದ ತಂದ ಹೈಡ್ರಿಲ್ಲಾ ಆದರೆ ನೇರ ಹಾಕಬೇಡಿ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಅದರಲ್ಲಿ ಇರಬಹುದು. ಒಂದೇ ಹುಳು ದಿನಾ ಮರಿ ಹಿಡಿದು ತಿನ್ನುತ್ತದೆ. ಬಿಳಿ ಬಕೆಟಿನಲ್ಲಿ ಒಂದು ವಾರ ಇಟ್ಟು, ದಿನಾ ಅಲ್ಲಾಡಿಸಿ ತಳ ನೋಡಿ.

ಬಾಲದ ಬಣ್ಣ:
ಬಾಕ್ಸ್ ಬಗ್ಗೆ ಯಾರೂ ನೇರ ಉತ್ತರ ಕೊಡಲಿಲ್ಲ. ನನ್ನ ಪ್ರಕಾರ ದುಡ್ಡು ದಂಡ. ಅಂಗೈಯಗಲದ ಡಬ್ಬಿ, ಒಳಗೆ ನೀರು ಓಡಾಡುವುದಿಲ್ಲ. ವಾರಗಟ್ಟಲೆ ಕೂಡಿಹಾಕಿದ ಹೆಣ್ಣು ಗಾಬರಿಗೆ ದಿನ ತುಂಬದ ಮರಿ ಉದುರಿಸುತ್ತದೆ. ಹೊಟ್ಟೆಗೆ ಹಳದಿ ಅಂಟಿಕೊಂಡ ಮರಿ ತಳದಲ್ಲಿ ಬಿದ್ದಿದ್ದರೆ ಅದೇ ಕಾರಣ. ಬಳಸಲೇಬೇಕೆಂದರೆ ಕೊನೆಯ ಒಂದೆರಡು ದಿನ ಮಾತ್ರ. ಗಬ್ಬದ ಅವಧಿ ಹೆಚ್ಚುಕಡಿಮೆ 21ರಿಂದ 30 ದಿನ, ನೀರು ತಣ್ಣಗಿದ್ದರೆ ಇನ್ನೂ ತಡ. ಮುಂದಿನಿಂದ ನೋಡಿದಾಗ ಹೊಟ್ಟೆ ದುಂಡಗಿದ್ದದ್ದು ಚೌಕವಾಗುತ್ತದೆ. ಬಾಲದ ಬುಡದ ಮಚ್ಚೆ ಕಪ್ಪಾಗುತ್ತದೆ, ತಿಳಿಬಣ್ಣದ ಹೆಣ್ಣಾದರೆ ಅದರೊಳಗೆ ಮರಿಗಳ ಕಣ್ಣೇ ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಊಟ ಬಿಟ್ಟು ಮೂಲೆ ಹಿಡಿದರೆ ಅದೇ ದಿನವೋ ಮರುದಿನವೋ.

ಡಬ್ಬಿಗಿಂತ 20 ಲೀಟರಿನ ಇನ್ನೊಂದು ಟ್ಯಾಂಕ್ ವಾಸಿ. ಹಳೇ ಟ್ಯಾಂಕಿನದೇ ನೀರು, ಅದರಲ್ಲೇ ಪಳಗಿದ ಒಂದು ಸ್ಪಂಜ್, ಒಂದು ಮುದ್ದೆ ಮಾಸ್. ಹೆಣ್ಣನ್ನು ಬಿಟ್ಟು, ಮರಿ ಹಾಕಿದ ಮೇಲೆ ಅದನ್ನು ತೆಗೆಯಿರಿ. ಗಂಡು ಹೆಣ್ಣಿನ ಲೆಕ್ಕವೂ ಸರಿಮಾಡಿ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಲ್ಲದಿದ್ದರೆ ಗಂಡುಗಳು ಬೆನ್ನು ಬಿಡದೆ ಹೆಣ್ಣನ್ನು ಸುಸ್ತು ಮಾಡುತ್ತವೆ.

ಮರಿಗೆ ಮೊಟ್ಟೆಯ ಹಳದಿ ಕೊಡಿ ಎನ್ನುವವರು ಬಹಳ. ಬೇಡ. ಅರ್ಧ ದಿನಕ್ಕೆ ನೀರು ಹಾಲಿನಂತಾಗಿ ಕೆಡುತ್ತದೆ. ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮೊಟ್ಟೆ ಮರಿ ಮಾಡಿಸಿ: 1 ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಚಿಟಿಕೆ ಅಡುಗೆ ಸೋಡಾ, ಅರ್ಧ ಟೀ ಚಮಚ ಮೊಟ್ಟೆ. ಬುಡಮೇಲಾಗಿ ನಿಲ್ಲಿಸಿದ ಬಾಟಲಿ, ತಳದವರೆಗೆ ಗಾಳಿ ಕೊಳವೆ, ಜೋರು ಗುಳ್ಳೆ, ಮೇಲೊಂದು ಬಲ್ಬು. 26–28 ಡಿಗ್ರಿಯಲ್ಲಿ 24ರಿಂದ 36 ಗಂಟೆಗೆ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಜೀವಿಗಳು ಕೆಳಗೆ ಬೆಳಕಿನತ್ತ ಸೇರುತ್ತವೆ. ಅಲ್ಲಿಂದ ಸಣ್ಣ ಕೊಳವೆಯಲ್ಲಿ ಎಳೆದು, ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ಸಿಪ್ಪೆ ಒಳಗೆ ಹೋದರೆ ಮರಿಯ ಕರುಳು ಕಟ್ಟಬಹುದು. ಉಳಿದ ಹೊತ್ತಿಗೆ ಬೆರಳಲ್ಲಿ ಪುಡಿ ಮಾಡಿದ ಒಣ ಆಹಾರ. ದಿನಕ್ಕೆ 4–5 ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ದಿನ ಬಿಟ್ಟು ದಿನ 20% ನೀರು ಬದಲಿಸದೆ ಈ ಪರಿ ತಿನ್ನಿಸಿದರೆ ಮರಿ ಬೆಳೆಯುವುದಿಲ್ಲ, ಸಾಯುತ್ತದೆ.

ಬಣ್ಣ ಉಳಿಸಿಕೊಳ್ಳುವ ಆಸೆ ಇದ್ದರೆ ಮೂರನೇ ವಾರದಿಂದ ಹೊಟ್ಟೆಯಡಿ, ಗುದದ ಹಿಂದಿನ ರೆಕ್ಕೆ ನೋಡುತ್ತಿರಿ. ಹೆಣ್ಣಿಗೆ ಅದು ಬೀಸಣಿಗೆಯಂತೆ ಅಗಲವಾಗಿಯೇ ಇರುತ್ತದೆ, ಗಂಡಿಗೆ ಚೂಪಾಗಿ ಕಡ್ಡಿಯಾಗುತ್ತದೆ. ನಾಲ್ಕು ವಾರ ತುಂಬುವುದರೊಳಗೆ ಬೇರೆ ಮಾಡಿ. ಹೆಣ್ಣು ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಗಂಡಿಲ್ಲದೆಯೂ ಸಾಲು ಸಾಲಾಗಿ ಮರಿ ಹಾಕುತ್ತದೆ. ಅಂಗಡಿಯಿಂದ ತಂದ ಹೆಣ್ಣಿನ ಮರಿಗೆ ನಿಮ್ಮ ಗಂಡೇ ಅಪ್ಪ ಎನ್ನುವ ಖಾತ್ರಿ ಇಲ್ಲದ್ದು ಇದರಿಂದಲೇ. ಆಲ್ಬಿನೊ (ಕಪ್ಪು ಬಣ್ಣವಿಲ್ಲದ, ಕೆಂಪು ಕಣ್ಣಿನ ಗಪ್ಪಿ) ಆದರೆ ಇನ್ನೊಂದು ತಾಪತ್ರಯ: ಮಾಮೂಲಿ ಗಪ್ಪಿಯೊಂದಿಗೆ ಕೂಡಿಸಿದರೆ ಮೊದಲ ತಲೆಮಾರು ಸಾಮಾನ್ಯವಾಗಿ ಎಲ್ಲವೂ ಮಾಮೂಲಿ. ಆ ಅಣ್ಣತಂಗಿಯರನ್ನು ಕೂಡಿಸಿದಾಗ ಸುಮಾರು ಕಾಲು ಭಾಗ ಆಲ್ಬಿನೊ ಬರುತ್ತವೆ. ಮೊದಲ ಮರಿ ನೋಡಿ ಮೋಸ ಹೋದೆವು ಅಂದುಕೊಳ್ಳಬೇಡಿ.

ಗಾಜುಪೆಟ್ಟಿಗೆ:
ಎಲ್ಲರಿಗೂ ಧನ್ಯವಾದ. ಅಮೋನಿಯಾ 1 ತೋರಿಸ್ತಿದೆ, ಕ್ಯಾನ್ ನೀರಲ್ಲೇ ಇಳಿಸ್ತೀನಿ. ಸಾಫ್ಟನರ್ ಇಲ್ಲ. ಇನ್ನೊಂದು ಕೇಳ್ಬೇಕು. ಒಂದು ಹೆಣ್ಣಿನ ಗುದದ ಹತ್ರ ಕೆಂಪು ದಾರದ ಥರ ಎರಡು ಮೂರು ಎಳೆ ಆಚೆ ಇಣುಕ್ತಿದೆ. ಮೀನು ನಿಂತಾಗ ಕಾಣುತ್ತೆ, ಓಡಿದ್ರೆ ಒಳಗೆ ಹೋಗುತ್ತೆ.

ಸಂಪ್‌ನೀರು:
ಅದು ಕಮಲಾನಸ್ ಹುಳು, ಕರುಳಲ್ಲಿ ಕಚ್ಚಿಕೊಂಡು ರಕ್ತ ಕುಡಿಯೋದು. ಚಿಮಟದಲ್ಲಿ ಎಳೀಬೇಡಿ, ಕರುಳು ಹರಿಯುತ್ತೆ. ಒಂದಕ್ಕೆ ಕಂಡಿದೆ ಅಂದ್ರೆ ಟ್ಯಾಂಕ್‌ಗೆಲ್ಲ ಔಷಧಿ ಹಾಕ್ಬೇಕು.

ಔಷಧಿ ಲೆವಾಮಿಸೋಲ್, ದನ ಕುರಿ ಔಷಧಿ ಅಂಗಡೀಲಿ ಕೇಳಿ. ಆಕ್ಸಿಕ್ಲೋಜನೈಡ್ ಬೆರೆಸಿರೋದು ಬಹಳ ಬರುತ್ತೆ, ಅದು ಬೇಡವೇ ಬೇಡ, ಮೀನಿಗೆ ವಿಷ. ಬರೀ ಲೆವಾಮಿಸೋಲ್ ಇರೋದು ತಗೊಂಡು ಲೀಟರ್‌ಗೆ 2 ಮಿ.ಗ್ರಾಂ ಲೆಕ್ಕ ಹಾಕಿ. ನಿಮ್ಮ ಟ್ಯಾಂಕಲ್ಲಿ ನಿಜವಾಗಿ ಇರೋ ನೀರು 45 ಲೀಟರ್ ಅಂದ್ಕೊಂಡ್ರೆ 90 ಮಿ.ಗ್ರಾಂ. ಲೈಟ್ ಆರಿಸಿ, ಬಟ್ಟೆ ಮುಚ್ಚಿ 24 ಗಂಟೆ ಬಿಡಿ. ಈ ಔಷಧಿ ಹುಳುವನ್ನ ಕೊಲ್ಲಲ್ಲ, ಮರಗಟ್ಟಿಸುತ್ತೆ, ಮೀನು ಅದನ್ನ ಹೊರಗೆ ಹಾಕುತ್ತೆ. ಅದಕ್ಕೇ ಮರುದಿನ ಜಲ್ಲಿಯ ಸಂದಿಸಂದಿಯಿಂದ ಪೈಪಲ್ಲಿ ಕಸ ಎಳೆದು, ಅರ್ಧ ನೀರು ಬದಲಿಸೋದು ತಪ್ಪಿಸಬಾರದು. ಹಾಕೋ ನೀರು ಟ್ಯಾಂಕಿನ ನೀರಿನಷ್ಟೇ ಟಿಡಿಎಸ್, ಅಷ್ಟೇ ಬಿಸಿ ಇರ್ಲಿ. ಎರಡು ಮೂರು ವಾರಕ್ಕೆ ಇನ್ನೊಂದ್ಸಲ ಹೀಗೇ ಮಾಡಿ.

ಅಮೋನಿಯಾ ಸೊನ್ನೆಗೆ ಬಂದ ಮೇಲೆ ಶುರು ಮಾಡಿ. ಎರಡೂ ಸಲದ ಔಷಧಿ ಮುಗಿಯೋವರೆಗೂ ಆ ಟ್ಯಾಂಕಿನ ಬಲೆ, ಸ್ಪಂಜು, ಪಾಚಿ ಯಾವುದೂ ಮರಿ ಟ್ಯಾಂಕ್‌ಗೆ ಹೋಗಬಾರದು.