ಕೇಪಳದ ಎಲೆ ಹಳದಿಯಾಗುತ್ತಿದೆ, ಹೂವೂ ಕಡಿಮೆ: ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಪುತ್ತೂರಿನ ತವರುಮನೆಯ ಗುಡ್ಡದಿಂದ ತಂದ ಕೇಪಳದ (ಕೆಂಪು ಗೊಂಚಲು ಹೂ ಬಿಡುವ ಇಕ್ಸೋರಾ) ಗಿಡವನ್ನು ಎರಡು ವರ್ಷಗಳಿಂದ ಬೆಂಗಳೂರಿನ ನಮ್ಮ ತಾರಸಿಯಲ್ಲಿ, ಸಿಮೆಂಟಿನ ಕುಂಡದಲ್ಲಿ ಬೆಳೆಸುತ್ತಿದ್ದೇನೆ. ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತಿವೆ. ಸಗಣಿ ಗೊಬ್ಬರ, ಬೂದಿ, ಮೊಟ್ಟೆಯ ಚಿಪ್ಪಿನ ಪುಡಿ ಎಲ್ಲವನ್ನೂ ಹಾಕಿದ್ದೇನೆ. ಕುಡಿಯುವ ನೀರಿನ ಫಿಲ್ಟರ್ ಹೊರಬಿಡುವ ನೀರನ್ನೇ ಗಿಡಕ್ಕೆ ಹಾಕುತ್ತೇನೆ. ಗಿಡಕ್ಕೆ ಯಾವ ಪೋಷಕಾಂಶದ ಕೊರತೆ ಇದೆ?

ಉತ್ತರ: ನಮಸ್ಕಾರ ಮೇಡಂ. ಹೊಸ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುವುದು ಕಬ್ಬಿಣದ ಕೊರತೆಯ ಲಕ್ಷಣ. ಕಬ್ಬಿಣವು ಹಳೆಯ ಎಲೆಯಿಂದ ಹೊಸ ಎಲೆಗೆ ಸುಲಭವಾಗಿ ಸಾಗುವುದಿಲ್ಲವಾದ್ದರಿಂದ ಕೊರತೆ ಮೊದಲು ಚಿಗುರಿನಲ್ಲೇ ಕಾಣಿಸುತ್ತದೆ. ಆದರೆ ನಿಮ್ಮ ಕುಂಡದ ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದು ನನಗೆ ಅನ್ನಿಸುವುದಿಲ್ಲ. ಇರುವ ಕಬ್ಬಿಣವನ್ನು ಬೇರು ಹೀರಿಕೊಳ್ಳಲಾರದಷ್ಟು ಮಣ್ಣು ಕ್ಷಾರವಾಗಿದೆ. ಕಾಫಿಯ ಕುಟುಂಬಕ್ಕೇ ಸೇರಿದ ಕೇಪಳ ಕರಾವಳಿಯ ಮುರಕಲ್ಲಿನ ಗುಡ್ಡದಲ್ಲಿ, ಭಾರೀ ಮಳೆಗೆ ಸುಣ್ಣದಂಶ ತೊಳೆದುಹೋದ ಹುಳಿ ಮಣ್ಣಿನಲ್ಲಿ ಬೆಳೆದು ಬಂದ ಗಿಡ. ಅದಕ್ಕೆ 5ರಿಂದ 6ರ ರಸಸಾರ (pH, ಅಂದರೆ ಮಣ್ಣು ಎಷ್ಟು ಹುಳಿ ಅಥವಾ ಕ್ಷಾರ ಎಂಬುದರ ಅಳತೆ) ಹಿತ. ನೀವು ಪ್ರೀತಿಯಿಂದ ಹಾಕಿದ ಬೂದಿಯೂ ಚಿಪ್ಪಿನ ಪುಡಿಯೂ ಮಣ್ಣನ್ನು ಇನ್ನಷ್ಟು ಕ್ಷಾರ ಮಾಡಿವೆ, ಸಿಮೆಂಟಿನ ಕುಂಡವೂ ಅದಕ್ಕೆ ಕೈಜೋಡಿಸಿದೆ. ಫಿಲ್ಟರಿನಿಂದ ಹೊರಬರುವ ನೀರಂತೂ ಬೋರ್‌ವೆಲ್ ನೀರಿನ ಲವಣಗಳೆಲ್ಲ ಸಾಂದ್ರಗೊಂಡ ನೀರು. ಅದನ್ನು ನೆಲ ತೊಳೆಯಲು ಬಳಸಿ, ಈ ಗಿಡಕ್ಕೆ ದಯವಿಟ್ಟು ಹಾಕಬೇಡಿ.

ಮಳೆಗಾಲದ ಆರಂಭದಲ್ಲಿ ಗಿಡವನ್ನು ಬೇರಿನ ಮುದ್ದೆ ಒಡೆಯದಂತೆ ತೆಗೆದು, 14 ಇಂಚಿನ ಮಣ್ಣಿನ ಕುಂಡಕ್ಕೆ ವರ್ಗಾಯಿಸಿ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಎಲೆಗೊಬ್ಬರ ಮತ್ತು ತೊಳೆದ ತೆಂಗಿನ ನಾರಿನ ಪುಡಿಯನ್ನು ಸಮವಾಗಿ ಬೆರೆಸಿದರೆ ಸಾಕು. ಸಂಗ್ರಹಿಸಿದ ಮಳೆನೀರು ಇದ್ದರೆ ಅದನ್ನು ಮೊದಲು ಈ ಗಿಡಕ್ಕೆ ಮೀಸಲಿಡಿ. ತಕ್ಷಣದ ಉಪಶಮನಕ್ಕೆ ಒಂದು ಲೀಟರ್ ನೀರಿನಲ್ಲಿ 3 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಮೊದಲು ಒಂದೇ ರೆಂಬೆಗೆ ಸಂಜೆ ಸಿಂಪಡಿಸಿ. ಎಲೆ ಸುಡದಿದ್ದರೆ ವಾರದ ನಂತರ ಇಡೀ ಗಿಡಕ್ಕೆ ಕೊಡಬಹುದು. ಗುಣವಾಯಿತೇ ಎಂಬುದನ್ನು ಹಳೆಯ ಎಲೆ ನೋಡಿ ನಿರ್ಧರಿಸಬೇಡಿ, ಮುಂದಿನ ಚಿಗುರನ್ನು ಕಾಯಿರಿ.

ಹೂವು ಕಡಿಮೆಯಾಗಲು ಇನ್ನೊಂದು ಕಾರಣವೂ ಇರಬಹುದು. ಕೇಪಳದ ಗೊಂಚಲು ಬರುವುದು ರೆಂಬೆಯ ತುದಿಯಲ್ಲಿ. ಆಗಾಗ ತುದಿ ಕತ್ತರಿಸುತ್ತಿದ್ದರೆ ಮೊಗ್ಗೂ ಹೋಗುತ್ತದೆ. ಹೂವಿನ ಸುತ್ತು ಮುಗಿದ ಮೇಲೊಮ್ಮೆ ಮಾತ್ರ ಸವರಿ, ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳುವಲ್ಲಿ ಇಡಿ.

ಪ್ರಶ್ನೆ: ತುಂಬಾ ಉಪಕಾರ ಸರ್. ಅಮ್ಮ ಇದರ ಹೂವಿನಿಂದ ತಂಬುಳಿ ಮಾಡುತ್ತಿದ್ದರು. ನರ್ಸರಿಯಲ್ಲಿ ಸಿಗುವ ಹಳದಿ, ಗುಲಾಬಿ ಬಣ್ಣದ ಗಿಡಗಳ ಹೂವನ್ನೂ ಬಳಸಬಹುದೇ?

ಉತ್ತರ: ಅಡುಗೆಗೆ ನಿಮ್ಮ ಗುಡ್ಡದ ಕೇಪಳವೇ ಇರಲಿ. ನರ್ಸರಿಯ ಗಿಡಗಳಲ್ಲಿ ಬೇರೆ ಜಾತಿಗಳೂ ಮಿಶ್ರತಳಿಗಳೂ ಇರುತ್ತವೆ, ಮೇಲಾಗಿ ಅವುಗಳಿಗೆ ಯಾವ ಕೀಟನಾಶಕ ಹೊಡೆದಿದ್ದಾರೆಂದು ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಹಿಡಿ ಹೂವನ್ನು ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸುತ್ತಾರೆ. ಅರೆಯುವಾಗಲೇ ತಿಳಿಗೆಂಪು ಬಣ್ಣ ಬಿಡುತ್ತದೆ. ಆಮಶಂಕೆಗೆ ಇದರ ಹೂವು, ಬೇರುಗಳನ್ನು ಹಳ್ಳಿಯ ಮದ್ದಿನಲ್ಲಿ ಬಳಸುವ ರೂಢಿಯಿದೆ, ಆದರೆ ಮಲದಲ್ಲಿ ರಕ್ತ ಕಂಡರೆ, ಅದರಲ್ಲೂ ಮಕ್ಕಳಿಗೆ, ತಂಬುಳಿಯನ್ನು ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ಗೊಂಚಲಿನ ಬುಡದಲ್ಲಿ ಇರುವೆ ಸಾಲುಗಟ್ಟಿದ್ದರೆ ಎಲೆಯ ಅಡಿಯನ್ನು ತಿರುಗಿಸಿ ನೋಡಿ. ಬಿಳಿ ಹಿಟ್ಟಿನಂಥದ್ದೋ ಕಂದು ಹುರುಪೆಯಂಥದ್ದೋ ಅಂಟಿಕೊಂಡಿದ್ದರೆ ಅದು ಹಿಟ್ಟುತಿಗಣೆ ಅಥವಾ ಶಲ್ಕಕೀಟ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆದು, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಕಲಸಿ ವಾರಕ್ಕೊಮ್ಮೆ ಮೂರು ಸಲ ಸಿಂಪಡಿಸಿ. ಆ ದಿನಗಳಲ್ಲಿ ಹೂವನ್ನು ಅಡುಗೆಗೆ ಕೊಯ್ಯಬೇಡಿ.

ಮುಂದಿನ ಬಾರಿ ಊರಿಗೆ ಹೋದಾಗ ಗಿಡ ಕೀಳದೆ, ಜೂನ್ ಅಥವಾ ಜುಲೈನಲ್ಲಿ ಅರೆಬಲಿತ ರೆಂಬೆಯ ಗೇಣುದ್ದದ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ನೆರಳಿನಲ್ಲಿ ನೆಟ್ಟು ತೇವ ಕಾಯ್ದುಕೊಂಡರೆ ಬೇರು ಬರಲು ಎರಡು ತಿಂಗಳಾದರೂ ಬೇಕಾಗಬಹುದು, ಅಷ್ಟರವರೆಗೆ ಕಿತ್ತು ನೋಡಬೇಡಿ.