ಬೋರ್‌ವೆಲ್ ಬಿಂದು ಸಮುದ್ರದಾಗ ಬಿದ್ದಾವ: ಜಿಐಎಸ್ ನಕಾಶೆ ಎಲ್ಲಿಂದ ಶುರು ಮಾಡ್ಲಿ?

ಪ್ರಶ್ನೆ, ಬಸವನ ಬಾಗೇವಾಡಿಯಿಂದ

ನಮಸ್ಕಾರ್ರೀ. ಊರಿನ ಬೋರ್‌ವೆಲ್, ಕೃಷಿ ಹೊಂಡ, ಕೆರೆ ಎಲ್ಲಾ ಒಂದು ನಕಾಶೆದಾಗ ತರಬೇಕಾಗೇದ. ಕೈಯಾಗ ಇರೋದು ಮೊಬೈಲಿನಿಂದ ಹಿಡಿದ ಅಕ್ಷಾಂಶ-ರೇಖಾಂಶದ ಎಕ್ಸೆಲ್ ಪಟ್ಟಿ, ಗ್ರಾಮ ನಕಾಶೆಯ ಸ್ಕ್ಯಾನ್, 2011ರ ಜನಗಣತಿ ಅಂಕಿ. ಕ್ಯೂಜಿಐಎಸ್ ಅನ್ನೋ ನಕಾಶೆ ತಂತ್ರಾಂಶ ಹಾಕ್ಕೊಂಡೀನಿ. ಬಿಂದುಗಳು ಸಮುದ್ರದಾಗ ಬಿದ್ದಾವ, ಹೊಲದ ಕ್ಷೇತ್ರ ಉತಾರಕ್ಕ (ಪಹಣಿಗೆ) ಹೊಂದವಲ್ದು. ತಿಳಿದವರು ಹೇಳ್ರಿ.

ಬೆಳಗಾವಿಯಿಂದ

ಯಾವ ಸಮುದ್ರ ಅಂತ ಮೊದಲು ನೋಡ್ರಿ. ರೋಗ ಯಾವ್ದು ಅಂತ ಅದೇ ಹೇಳ್ತೈತಿ.

ನಾರ್ವೆಗೂ ಉತ್ತರಕ್ಕ, ಸ್ವಾಲ್ಬಾರ್ಡ್ ದ್ವೀಪದ ಮಗ್ಗಲಿಗೆ ಇದ್ರ ಎರಡು ಕಾಲಂ ಅದಲುಬದಲಾಗ್ಯಾವ. ಎಕ್ಸ್ ಅಂದ್ರ ರೇಖಾಂಶ, ವೈ ಅಂದ್ರ ಅಕ್ಷಾಂಶ. ನಾವು ಬಾಯಿಲೆ ಹೇಳೋ ಸಾಲಿಗೆ ಇದು ಉಲ್ಟಾ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆದಾಗ 74, 75, 76ರಿಂದ ಶುರುವಾಗೋದು ಎಕ್ಸ್. 15, 16, 17ರಿಂದ ಶುರುವಾಗೋದು ವೈ.

ಆಫ್ರಿಕಾದ ಪಶ್ಚಿಮಕ್ಕ ಗಿನಿ ಕೊಲ್ಲಿಯಾಗ ಇದ್ರ ಅದು 0,0 ಜಾಗ. ಪಟ್ಟಿಯ ಖಾಲಿ ಮನೆಯಾಗ ಸೊನ್ನೆ ತುಂಬೀರಿ, ಇಲ್ಲಾಂದ್ರ ಡಿಗ್ರಿ ಅಂಕಿಯನ್ನ ವೆಬ್ ಮರ್ಕೇಟರಿನ (ವೆಬ್ ನಕಾಶೆಗಳ ಪದ್ಧತಿ) ಮೀಟರ್ ಅಂತ ತಂತ್ರಾಂಶ ಓದೈತಿ. ಮಾಲ್ಡೀವ್ಸ್‌ನ ಪಶ್ಚಿಮಕ್ಕ, ಸಮಭಾಜಕದ ಮ್ಯಾಲೆ ಇದ್ರ ಡಿಗ್ರಿಯನ್ನ ಯುಟಿಎಂ 43ರ (ಭೂಮಿಯನ್ನ ಉದ್ದನೆ ಪಟ್ಟಿ ಮಾಡಿ ಅಳೆಯೋ ಪದ್ಧತಿಯ 43ನೇ ಪಟ್ಟಿ) ಮೀಟರ್ ಅಂತ ತಿಳಕೊಂಡೈತಿ.

ಸಮುದ್ರಕ್ಕ ಹೋಗದೇನ ತಪ್ಪೋ ಬಿಂದು ಇನ್ನೂ ಕೆಟ್ಟದ್ದು, ಯಾಕಂದ್ರ ಕಣ್ಣಿಗೆ ಬೀಳಂಗಿಲ್ಲ. 16 ಡಿಗ್ರಿ 50 ಮಿನಿಟನ್ನ 16.50 ಅಂತ, 75 ಡಿಗ್ರಿ 42 ಮಿನಿಟನ್ನ 75.42 ಅಂತ ಬರೆದ್ರ ವಿಜಯಪುರದ ಬಿಂದು ಜಮಖಂಡಿ ಕಡೆ ಹೋಗಿ ಕೂಡ್ತೈತಿ. ದಕ್ಷಿಣಕ್ಕ 37 ಕಿ.ಮೀ., ಪಶ್ಚಿಮಕ್ಕ 30 ಕಿ.ಮೀ. ಫರಕು. ಮಿನಿಟನ್ನ 60ರಿಂದ ಭಾಗಿಸ್ರಿ: 50/60 = 0.833, ಅಂದ್ರ 16.833. ದಶಮಾಂಶದ ಮುಂದ ಐದು ಅಂಕಿ ಸಾಕು, ಅಷ್ಟಕ್ಕ ಒಂದು ಮೀಟರಿನ ಸೂಕ್ಷ್ಮ ಬರ್ತೈತಿ. ಮೊಬೈಲ್ ತೋರಿಸೋ ಎಂಟನೇ ಅಂಕಿ ಬರೀ ಅಲಂಕಾರ.

ಪ್ರಶ್ನೆ ಕೇಳಿದವರು

ಮಾಲ್ಡೀವ್ಸ್ ಪಶ್ಚಿಮಕ್ಕ ಅವರೀ. ಲೇಯರಿಗೆ ಯುಟಿಎಂ 43ರ ಸಂಖ್ಯೆ 32643 ಅಂತ ಕೊಟ್ಟಿದ್ದೆ, ನಮ್ಮ ಭಾಗಕ್ಕ ಅದೇ ಸರಿ ಅಂತ ಓದಿದ್ದೆ.

ಬಾಗಲಕೋಟೆಯಿಂದ

ಓದಿದ್ದು ಸರಿ, ಹಚ್ಚಿದ ಜಾಗ ತಪ್ಪು. ಎಲ್ಲರೂ ಎಡವುವುದು ಇಲ್ಲೇ.

‘ಸೆಟ್ ಲೇಯರ್ ಸಿಆರ್‌ಎಸ್’ ಅನ್ನುವುದು (ಸಿಆರ್‌ಎಸ್ ಅಂದರೆ ನಿರ್ದೇಶಾಂಕ ಪದ್ಧತಿ) ಡಬ್ಬಿಯ ಮೇಲಿನ ಚೀಟಿ ಬದಲಿಸುತ್ತದೆ, ಒಳಗಿನ ಅಂಕಿಗಳನ್ನಲ್ಲ. ಮೊಬೈಲ್ ಕೊಡುವುದು ಡಬ್ಲ್ಯುಜಿಎಸ್ 84 ಎಂಬ ಜಾಗತಿಕ ಪದ್ಧತಿಯ ಡಿಗ್ರಿ. ಇಂಥ ಪದ್ಧತಿಗಳ ಇಪಿಎಸ್‌ಜಿ ಪಟ್ಟಿಯಲ್ಲಿ ಅದರ ಸಂಖ್ಯೆ 4326. ಆದ್ದರಿಂದ ಎಕ್ಸೆಲ್ಲನ್ನು ಸಿಎಸ್‌ವಿ ಮಾಡಿ, ‘ಆ್ಯಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್’ನಲ್ಲಿ ತೆರೆಯುವಾಗ 4326 ಎಂದೇ ಹೇಳಿ. ಬಿಂದು ಊರೊಳಗೆ ಬಂದು ಕೂತ ಮೇಲೆ ‘ಎಕ್ಸ್‌ಪೋರ್ಟ್’ಗೆ ಹೋಗಿ ‘ಸೇವ್ ಫೀಚರ್ಸ್ ಆ್ಯಸ್’ನಲ್ಲಿ 32643 ಆಯ್ದುಕೊಳ್ಳಿ. ಆಗ ಅಂಕಿಗಳೇ ಮೀಟರಿಗೆ ಪರಿವರ್ತನೆಯಾಗುತ್ತವೆ. 72ರಿಂದ 78 ಡಿಗ್ರಿ ರೇಖಾಂಶದವರೆಗಿನ ಪಟ್ಟಿ ಯುಟಿಎಂ 43. ಖಾನಾಪುರದಿಂದ ತಾಳಿಕೋಟೆವರೆಗೆ ಎಲ್ಲವೂ ಅದರೊಳಗೇ ಬರುತ್ತವೆ.

ಇನ್ನು ಕ್ಷೇತ್ರ. ಉಪಗ್ರಹ ಚಿತ್ರ ತೋರಿಸುವ ವೆಬ್ ನಕಾಶೆಗಳು ಸಾಮಾನ್ಯವಾಗಿ 3857ರಲ್ಲಿ, ಅಂದರೆ ವೆಬ್ ಮರ್ಕೇಟರಿನಲ್ಲಿ ಇರುತ್ತವೆ. ಆ ಲೇಯರಿನಲ್ಲಿ ಸಮತಲ ಲೆಕ್ಕ ಹಾಕಿದರೆ ನಮ್ಮ ಅಕ್ಷಾಂಶದಲ್ಲಿ ಕ್ಷೇತ್ರ ಶೇ. 9–10ರಷ್ಟು ಉಬ್ಬುತ್ತದೆ: 10 ಎಕರೆ ಹೊಲ 11 ಎಕರೆಗೆ ಹತ್ತಿರ ಬರುತ್ತದೆ. 32643ರಲ್ಲಿ ಫರಕು ಶೇ. 0.1 ಕೂಡ ಇಲ್ಲ. ಫೀಲ್ಡ್ ಕ್ಯಾಲ್ಕ್ಯುಲೇಟರಿನಲ್ಲಿ ಡಾಲರ್ ಚಿಹ್ನೆ ಹಚ್ಚಿದ ‘ಏರಿಯಾ’ ಪ್ರಾಜೆಕ್ಟಿನ ಎಲಿಪ್ಸಾಯ್ಡ್ (ಭೂಮಿಯ ಚಪ್ಪಟೆ ಗೋಳದ ಮಾದರಿ) ನೋಡಿ ಲೆಕ್ಕ ಹಾಕುತ್ತದೆ. ಆವರಣದೊಳಗೆ ಜಿಯೊಮೆಟ್ರಿ ಕೇಳುವ ‘ಏರಿಯಾ’ ಸಮತಲ ಲೆಕ್ಕದ್ದು, 4326ರಲ್ಲಿ ಅದು ಚದರ ಡಿಗ್ರಿ ಕೊಡುತ್ತದೆ. 0.0000003 ಅಂತ ಬಂದರೆ ಗಾಬರಿಯಾಗಬೇಡಿ, ಕಾರಣ ಇದೇ.

ಇಂಡಿಯಿಂದ

ಉತಾರದ ಕಡೆಯಿಂದಲೂ ಒಂದು ತೊಡಕು ಅದ. ಅಲ್ಲಿ 3.20 ಅಂದ್ರ 3 ಎಕರೆ 20 ಗುಂಟೆ, ಅಂದ್ರ ಮೂರೂವರಿ ಎಕರೆ. ಎಕ್ಸೆಲ್ ಅದನ್ನ 3.2 ಅಂತ ಓದ್ತದ. ಎಕರೆ, ಗುಂಟೆ ಬ್ಯಾರೆ ಕಾಲಮ್ಮಿನ್ಯಾಗ ಇಟ್ಟು ಗುಂಟೆಯನ್ನ 40ರಿಂದ ಭಾಗಿಸಿ ಕೂಡಿಸ್ರಿ. ಖರಾಬು (ಸಾಗುವಳಿಗೆ ಬಾರದ ನೆಲ) ಕಳೆದ ಕ್ಷೇತ್ರಾನ ಒಟ್ಟು ಕ್ಷೇತ್ರಾನ, ಅದೂ ನೋಡ್ರಿ. ಒಂದು ಎಕರೆ 4,046.86 ಚ.ಮೀ., ಒಂದು ಗುಂಟೆ 101.17 ಚ.ಮೀ.

ಈ ಗುಂಟೆ ಲೆಕ್ಕ ರಾಸ್ಟರಿಗೂ ಬರ್ತದ. ವೆಕ್ಟರ್ ಅಂದ್ರ ಬಿಂದು, ಗೆರೆ, ಬಹುಭುಜ: ಬೋರ್‌ವೆಲ್, ಹಳ್ಳ, ಹೊಲ ಇದ್ಹಂಗ. ರಾಸ್ಟರ್ ಅಂದ್ರ ಚೌಕಳಿ. ಪುಕ್ಕಟೆ ಸಿಗೋ ಸೆಂಟಿನೆಲ್-2 ಚಿತ್ರದ ಒಂದು ಚೌಕ 10 ಮೀಟರಿಗೆ 10 ಮೀಟರ್, ಹೆಚ್ಚುಕಡಿಮಿ ಒಂದು ಗುಂಟೆ. ಲ್ಯಾಂಡ್‌ಸ್ಯಾಟಿನ ಚೌಕ 30 ಮೀಟರ್, ಅಂದ್ರ ಒಂಬತ್ತು ಗುಂಟೆ. ನಾಲ್ಕು ಎಕರೆ ಕಬ್ಬು ಸೆಂಟಿನೆಲ್‌ದಾಗ ಚಂದ ಕಾಣ್ತದ; 20 ಮೀಟರ್ ಚೌಕದ ಕೃಷಿ ಹೊಂಡ ನಾಲ್ಕು ಚೌಕ, ಅದರಾಗೂ ಅಂಚಿನ ಮಣ್ಣು ಬೆರೀತದ. ಹೊಂಡಕ್ಕ ಮೊಬೈಲ್ ಬಿಂದುನೇ ವಾಸಿ.

ಬಾಗಲಕೋಟೆಯಿಂದ

ಗ್ರಾಮ ನಕಾಶೆಯ ಮಾತು ಉಳಿಯಿತು. ಹಳೆಯ ನಕಾಶೆ ಮೈಲಿಗೆ 8 ಇಂಚಿನ ಅಳತೆಯದಾಗಿದ್ದರೆ ಪ್ರಮಾಣ 1:7,920. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 4 ಮೀಟರ್ ಆಗುತ್ತದೆ. ಎಷ್ಟು ಹಿಗ್ಗಿಸಿ ನೋಡಿದರೂ ಅದಕ್ಕಿಂತ ಸೂಕ್ಷ್ಮ ಅದರಲ್ಲಿಲ್ಲ. ಮಡಿಕೆಯ ಸುಕ್ಕು ಬೇರೆ.

ಸ್ಕ್ಯಾನನ್ನು ನಿಜವಾದ ಜಾಗಕ್ಕೆ ಕೂರಿಸುವ ಜಿಯೊರೆಫರೆನ್ಸರಿನಲ್ಲಿ ಮೊದಲ ದರ್ಜೆಯ ಪಾಲಿನಾಮಿಯಲ್‌ಗೆ (ಕೂರಿಸುವ ಸೂತ್ರಕ್ಕೆ) ಕನಿಷ್ಠ 3 ಬಿಂದು, ಎರಡನೆಯದಕ್ಕೆ 6. ಆದರೆ ಮೂರೇ ಕೊಟ್ಟರೆ ದೋಷ ಸೊನ್ನೆ ತೋರಿಸುತ್ತದೆ; ಪರೀಕ್ಷೆಗೆ ನಾಲ್ಕನೆಯದೇ ಇಲ್ಲದ್ದರಿಂದ ಆ ಸೊನ್ನೆಗೆ ಬೆಲೆಯಿಲ್ಲ. 8–10 ಬಿಂದು ಕೊಡಿ, ಊರಿನ ನಾಲ್ಕೂ ಮೂಲೆಗೆ ಹರಡಿ ಕೊಡಿ. ಮೂರು ಹಳ್ಳಿಗಳ ಸೀಮೆ ಕೂಡುವ ಬಾಂದ್ ಕಲ್ಲು, ಹಳೆಯ ಗುಡಿ, ಬಾವಿ ಒಳ್ಳೆಯವು. ಹಳ್ಳದ ತಿರುವು, ಅಗಲವಾದ ರಸ್ತೆ ಬೇಡ, ಜಾಗ ಬದಲಿಸಿರುತ್ತವೆ. ಕೂತ ಮೇಲೆ ದಿಶಾಂಕ್ ಆ್ಯಪಿನ ಸರ್ವೆ ನಂಬರಿನ ಜೊತೆ ತಾಳೆ ನೋಡಿ. ಬದು ಜಗಳಕ್ಕೆ ಮಾತ್ರ ಇದನ್ನು ತೋರಿಸಬೇಡಿ, ಅದಕ್ಕೆ ಭೂಮಾಪಕರೇ ಬರಬೇಕು. ಬಯಲಲ್ಲೂ ಮೊಬೈಲ್ ಸುಮಾರು 5 ಮೀಟರ್ ಆಚೀಚೆ ಹೇಳುತ್ತದೆ. ಚೌಕನೆಯ ಎಕರೆಯ ಒಂದು ಬದಿ ಅಷ್ಟು ಜರುಗಿದರೆ ಮೂರು ಗುಂಟೆ ಹೋಯಿತು.

ಪ್ರಶ್ನೆ ಕೇಳಿದವರು

ಇನ್ನೊಂದ್ರೀ. ಆಲಮಟ್ಟಿ ನೀರು 519.60ರಿಂದ 524.256 ಮೀಟರಿಗೆ ಏರಿದ್ರ ಎಲ್ಲಿತನಕ ಬರ್ತದ ಅಂತ ಎತ್ತರದ ಡೇಟಾದಿಂದ ಗೆರೆ ಎಳೀಬಹುದಾ?

ಬೆಳಗಾವಿಯಿಂದ

ಬ್ಯಾಡ್ರಿ. ಫರಕು ಇರೋದೇ 4.656 ಮೀಟರ್. ಪುಕ್ಕಟೆ ಸಿಗೋ ಎಸ್‌ಆರ್‌ಟಿಎಂ ಎತ್ತರದ ಡೇಟಾಕ್ಕ ಇಟ್ಟ ಗುರಿನೇ 16 ಮೀಟರ್ ದೋಷದ ಒಳಗ ಅಂತ. ಬಯಲು ಸೀಮೆದಾಗ ಅದಕ್ಕಿಂತ ಚಲೋ ಇರ್ತೈತಿ, ಆದ್ರ ಈ ಕೆಲಸಕ್ಕ ಸಾಲಂಗಿಲ್ಲ. ಮೊಬೈಲಿನ ಎತ್ತರವಂತೂ ಹಚ್ಚಲೇಬ್ಯಾಡ್ರಿ. ಎಲಿಪ್ಸಾಯ್ಡಿನಿಂದ ಅಳೆದ ಎತ್ತರಕ್ಕೂ ಸಮುದ್ರ ಮಟ್ಟದ ಎತ್ತರಕ್ಕೂ ನಮ್ಮಲ್ಲಿ ಹತ್ತಾರು ಮೀಟರ್ ಅಂತರ ಐತಿ.

ಇಂಡಿಯಿಂದ

ಜನಗಣತಿ ಅಂಕಿ ಜೋಡಿಸೋದು ಹೆಸರಿಂದ ಬ್ಯಾಡ್ರಿ, ಗ್ರಾಮದ ಕೋಡಿನಿಂದ ಮಾಡ್ರಿ. 2011ರ ಪಟ್ಟಿಯಾಗ ಜಿಲ್ಲಾ ಬಿಜಾಪುರ ಅಂತ ಇರ್ತದ, ಹೆಸರು ಬದಲಾದದ್ದು 2014ರ ನವೆಂಬರಿಗೆ. ಚಡಚಣ, ತಿಕೋಟಾ, ನಿಡಗುಂದಿ ಆಗ ತಾಲೂಕೇ ಅಲ್ಲ, ಈಗಿನ ತಾಲೂಕು ನಕಾಶೆಗೆ ಜೋಡಿಸಿದ್ರ ಅವು ಖಾಲಿ ಉಳೀತಾವ. ಕೋಡಿನ ಕಾಲಂ ಪಠ್ಯ ಅಂತ ಇಡ್ರಿ. ಸಂಖ್ಯೆ ಮಾಡಿದ್ರ ಮುಂದಿನ ಸೊನ್ನೆಯನ್ನ ಎಕ್ಸೆಲ್ ನುಂಗ್ತದ.

ಕಡೀಗೆ ಉಳಿಸೋ ಮುಂದ ಶೇಪ್‌ಫೈಲ್ ಬಿಡ್ರಿ, ಎಲ್ಲಾ ಒಂದೇ ಫೈಲಿನ್ಯಾಗ ಇರೋ ಜಿಯೊಪ್ಯಾಕೇಜ್ ಆರಿಸ್ರಿ. ಶೇಪ್‌ಫೈಲ್ ಅಂದ್ರ ಒಂದಲ್ಲ, ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್, ಪಿಆರ್‌ಜೆ ಅಂತ ಕುಟುಂಬ. ವಾಟ್ಸಾಪಿನ್ಯಾಗ ಬರೀ ಎಸ್‌ಎಚ್‌ಪಿ ಕಳಿಸಿದ್ರ ಆ ಕಡೆ ಏನೂ ಉಪಯೋಗಿಲ್ಲ. ಕಾಲಮ್ಮಿನ ಹೆಸರಿಗೆ ಹತ್ತೇ ಬೈಟ್ ಜಾಗ. ಯುಟಿಎಫ್-8ರಾಗ ಕನ್ನಡದ ಒಂದೊಂದು ಚಿಹ್ನೆ ಮೂರು ಬೈಟ್ ತಿಂತದ. ‘ಕೊಳವೆಬಾವಿ’ ಅಂತ ಬರೆದ್ರ ‘ಕೊಳ’ಕ್ಕೇ ಮುಗೀತು.