ಚೇತಕ್ ಮಾಡೆಲ್: ಹೊಸ ಬ್ಲೇಡ್ ಹಾಕಿದ ಮೇಲೆ ವಿಪರೀತ ನಡುಕ

ಹುಬ್ಳಿ_ಹೆಲಿ: ನಮಸ್ಕಾರ. 450 ಸೈಜಿನ ರಿಮೋಟ್ ಹೆಲಿಕಾಪ್ಟರಿನ ಮೆಕ್ಯಾನಿಕ್ಸ್‌ಗೆ (ಮೋಟಾರ್, ಗೇರ್ ಇರುವ ಒಳಭಾಗ) ನೌಕಾಪಡೆಯ ರೆಸ್ಕ್ಯೂ ಹೆಲಿಕಾಪ್ಟರ್ ಚೇತಕ್‌ನ ಬಾಡಿ ಕೂರಿಸಿದ್ದೇನೆ. ಮೂರು ಬ್ಲೇಡಿನ ಹೆಡ್, ಫ್ಲೈಬಾರ್‌ಲೆಸ್ (ಸ್ಥಿರವಾಗಿಡುವ ಅಡ್ಡಕೋಲು ಇಲ್ಲ, ಆ ಕೆಲಸ ಎಲೆಕ್ಟ್ರಾನಿಕ್ಸ್‌ನದು). ಪಕ್ಕದ ವಿಂಚ್ (ಜನರನ್ನು ಮೇಲೆತ್ತುವ ರಾಟೆ) ಬರೀ ಶೋಕಿಗೆ. ಮೊನ್ನೆ ಇಳಿಸುವಾಗ ಗಾಳಿಗೆ ವಾಲಿ ಒಂದು ಬ್ಲೇಡ್ ಮುರಿಯಿತು. ಹೊಸದು ಹಾಕಿದೆ. ಈಗ ಸ್ಪೀಡ್ ಏರಿದರೆ ಇಡೀ ಬಾಡಿ ಗಡಗಡ ಅನ್ನುತ್ತದೆ, ವಿಂಚಿನ ಕೊಕ್ಕೆ ಎರಡೆರಡಾಗಿ ಕಾಣುತ್ತದೆ. ಮೇನ್ ಶಾಫ್ಟ್ ಬದಲಿಸಿದೆ, ಗೇನ್ (ಎಲೆಕ್ಟ್ರಾನಿಕ್ಸ್ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸೆಟ್ಟಿಂಗ್) ಇಳಿಸಿದೆ. ಉಪಯೋಗ ಇಲ್ಲ.

ಶಾಫ್ಟ್_ಸ್ವಾಮಿ: ಸುಮ್ನೆ ಪಾರ್ಟ್ಸ್ ಬದಲಿಸುತ್ತಾ ಹೋಗಬೇಡಿ, ದುಡ್ಡು ದಂಡ. ಮೂರೂ ಬ್ಲೇಡ್ ಬಿಚ್ಚಿ ಮೋಟಾರ್ ಓಡಿಸಿ. ಆಗಲೂ ನಡುಗಿದರೆ ಶಾಫ್ಟ್, ಬೇರಿಂಗ್ ಇಲ್ಲವೇ ಬಾಲದ ಕಡೆ ದೋಷ. ಸ್ಪಿಂಡಲ್‌ಗಳನ್ನು (ಬ್ಲೇಡ್ ಹಿಡಿಕೆಗಳ ಒಳಗಿನ ಕಡ್ಡಿ) ಗಾಜಿನ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ಗೊತ್ತಾಗುತ್ತದೆ.

ಹುಬ್ಳಿ_ಹೆಲಿ: ಬ್ಲೇಡ್ ಇಲ್ಲದಿದ್ದರೆ ನಡುಕವೇ ಇಲ್ಲ ಸರ್. ಸ್ಪಿಂಡಲ್ ನೆಟ್ಟಗಿವೆ.

ಶಾಫ್ಟ್_ಸ್ವಾಮಿ: ಅಂದರೆ ಬ್ಲೇಡಿನದೇ ತಕರಾರು. ಅಂಗಡಿಯವರು ಬ್ಲೇಡ್ ಕೊಡೋದು ಜೋಡಿ ಲೆಕ್ಕದಲ್ಲಿ. ಹಳೆಯ ಎರಡರ ಜೊತೆ ಹೊಸದೊಂದು ಹಾಕಿದ್ದೀರಿ, ಅಲ್ವಾ?

ಹುಬ್ಳಿ_ಹೆಲಿ: ಹೌದು. ಆದರೆ ಅದೇ ಕಂಪನಿ, ಅದೇ 325 ಮಿ.ಮೀ. ಇನ್ನೊಂದು ಡಬ್ಬದಲ್ಲೇ ಇದೆ.

ಶಾಫ್ಟ್_ಸ್ವಾಮಿ: ಕಂಪನಿ ಒಂದೇ ಇದ್ದರೆ ಸಾಲದು. ಜೋಡಿಯಲ್ಲಿರುವ ಎರಡು ಒಂದಕ್ಕೊಂದು ಹೊಂದುತ್ತವೆ, ಅಷ್ಟೇ. ಮೂರನೆಯದನ್ನು ನಾವೇ ಹೊಂದಿಸಬೇಕು.

ಪ್ರತಿ ಬ್ಲೇಡನ್ನೂ ದುಂಡು ಪೆನ್ಸಿಲ್ ಮೇಲೆ ಅಡ್ಡ ಇಟ್ಟು, ಎಲ್ಲಿ ಸಮ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿ. ಬುಡದಿಂದ ಆ ಗುರುತಿಗೆ ಮೂರರಲ್ಲೂ ಒಂದೇ ಅಳತೆ ಬರಬೇಕು. ಬರದಿದ್ದರೆ ತುದಿಗೋ ಬುಡಕ್ಕೋ ಟೇಪ್ ಸುತ್ತಿ. ಅದಾದ ಮೇಲೆ ತೂಕ. ಹಗುರ ಇರುವುದಕ್ಕೆ ಗುರುತಿನ ಮೇಲೆಯೇ ಟೇಪ್ ಸುತ್ತಿ, ಆಗ ಮೊದಲು ಮಾಡಿದ್ದು ಕೆಡಲ್ಲ. ಮೊದಲೇ ತೂಕ ಸರಿ ಮಾಡಿದರೆ ಎರಡೆರಡು ಸಲ ಕೆಲಸ. ಆಭರಣದ ತಕ್ಕಡಿ ಆದರೆ ಒಳ್ಳೆಯದು, ಅಡುಗೆಮನೆಯದು ಬೇಡ.

ಬೋಲ್ಟ್ ಬಿಗಿಯೂ ಮೂರಕ್ಕೂ ಒಂದೇ ಇರಲಿ. ಹೆಲಿಯನ್ನು ಪಕ್ಕಕ್ಕೆ ವಾಲಿಸಿ ಹಿಡಿದಾಗ ಬ್ಲೇಡ್ ಜೋತುಬೀಳಬಾರದು, ಮೆಲ್ಲಗೆ ಜಾಡಿಸಿದರೆ ಬಾಗಬೇಕು.

ಗಾಳಿಪಟ_77: ಟ್ರ್ಯಾಕಿಂಗ್ ಮರೀಬೇಡಿ, ಅಂದರೆ ಮೂರೂ ಬ್ಲೇಡ್ ಒಂದೇ ಮಟ್ಟದಲ್ಲಿ ತಿರುಗುತ್ತಿವೆಯಾ ಅಂತ ನೋಡುವುದು. ತುದಿಗಳಿಗೆ ಬೇರೆ ಬೇರೆ ಬಣ್ಣದ ಟೇಪ್, ಅಗಲ ಮಾತ್ರ ಒಂದೇ. ದೂರದಿಂದ ನೋಡಿ. ಮೇಲೆ ಹಾರುವ ಬಣ್ಣದ ಬ್ಲೇಡಿಗೆ ಪಿಚ್ (ಬ್ಲೇಡಿನ ಓರೆ) ಕಮ್ಮಿ ಆಗುವ ಹಾಗೆ, ಆ ಓರೆ ಬದಲಿಸುವ ಲಿಂಕ್ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿ. ಬ್ಲೇಡ್ ತಿರುಗುವ ಮಟ್ಟಕ್ಕೆ ಮುಖ ಇಟ್ಟು ಹತ್ತಿರ ನಿಲ್ಲಬೇಡಿ, ದಯವಿಟ್ಟು.

ದೊಡ್ಡ ಹೆಲಿಕಾಪ್ಟರುಗಳಲ್ಲೂ ಹಿಂದೆ ಇದೇ ಕಥೆ. ಬ್ಲೇಡ್ ತುದಿಗೆ ಬಣ್ಣದ ಸೀಮೆಸುಣ್ಣ ಬಳಿದು, ಕೋಲಿಗೆ ಕಟ್ಟಿದ ಬಟ್ಟೆಯನ್ನು ಹತ್ತಿರ ತರುತ್ತಿದ್ದರು. ಬಟ್ಟೆ ಮೇಲೆ ಬಿದ್ದ ಬಣ್ಣದ ಗೆರೆ ನೋಡಿದರೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಗೊತ್ತಾಗುತ್ತಿತ್ತು. ಚೇತಕ್ ಅಂದರೆ ಫ್ರಾನ್ಸಿನ ಅಲುಯೆಟ್ 3, ನಮ್ಮ ಎಚ್‌ಎಎಲ್ ಲೈಸೆನ್ಸ್ ಪಡೆದು ತಯಾರಿಸಿದ್ದು. ಅದರ ಬ್ಲೇಡುಗಳ ನಡುವೆ ಅಂತರ ಕಾಯುವ ಕೇಬಲ್ ಇದೆ. ಅಂದಕ್ಕೆ ಅಂತ ಮಾಡೆಲ್‌ಗೂ ದಾರ ಕಟ್ಟಿದ್ದರೆ ಮೊದಲು ಕಿತ್ತುಹಾಕಿ. ಒಂದು ಎಳೆ ಬಿಗಿಯಾದರೂ ಬ್ಲೇಡ್ ತನ್ನ ಜಾಗಕ್ಕೆ ಬರಲ್ಲ.

ಹುಬ್ಳಿ_ಹೆಲಿ: ದಾರ ಕಟ್ಟಿಲ್ಲ. ತೂಗಿದೆ: ಹೊಸದು ಒಂದೂವರೆ ಗ್ರಾಂ ಜಾಸ್ತಿ, ಗುರುತು ತುದಿಯ ಕಡೆಗೆ 4 ಮಿ.ಮೀ. ಸರಿದಿದೆ. ಟೇಪ್ ಸುತ್ತಿ ಹೊಂದಿಸಿದೆ. ಗಡಗಡ ನಿಂತಿದೆ, ಕೊಕ್ಕೆ ಒಂದೇ ಕಾಣುತ್ತಿದೆ! ಕೆಂಪು ಟೇಪಿನದು ಇನ್ನೂ ಚೂರು ಮೇಲಿದೆ.

ಶಾಫ್ಟ್_ಸ್ವಾಮಿ: ಲಿಂಕ್ ಅರ್ಧ ಸುತ್ತು. ಆಮೇಲೆ ಇಳಿಸಿದ ಗೇನ್ ಮೆಲ್ಲಗೆ ವಾಪಸ್ ಏರಿಸಿ. ಮುಂದಿನ ಸಲ ಮೂರು ಜೋಡಿ ಒಟ್ಟಿಗೆ ತಗೊಳ್ಳಿ, ಆರನ್ನೂ ತೂಗಿ ಎರಡು ಸೆಟ್ ಮಾಡಬಹುದು.